ಕಂಬ ಬಿಚ್ಚಲು ಬಂದವರು

ಬಿಡದಿಯ ಒಂದು ಕಾರ್ಖಾನೆ ಕ್ಯಾಂಟೀನಿನಲ್ಲಿ ಸರಸಮ್ಮ ಅಡುಗೆಯವಳು. ಇನ್ನೂರು ಜನಕ್ಕೆ ಮುದ್ದೆ ತೊಳಸುವ ಕೈ ಅವಳದು. ಆದರೆ ಯಾರಾದರೂ ದನಿ ಎತ್ತಿದರೆ ಸಾಕು, ಎದೆ ಡವಡವ ಎನ್ನುತ್ತಿತ್ತು.

೨೦೦೭ರಲ್ಲಿ ಅವಳೂ ಗಂಡ ನಾಗರಾಜುವೂ ಅಡುಗೆಮನೆಯ ಹಳೆ ಹೆಂಚು ಇಳಿಸಿ ಆರ್‌ಸಿಸಿ ತಾರಸಿ ಹಾಕಿಸಿದರು. ಕಾಂಕ್ರೀಟ್ ಹಾಕಿದ ದಿನವೇ ಕಂಟ್ರಾಕ್ಟರ್ ಮಧುಕುಮಾರ್, "ಸೆಂಟ್ರಿಂಗ್‌ನೋರ್ಗೆ ಇವತ್ತೇ ಕೊಡ್ಬೇಕು ಕಣಕ್ಕ" ಎಂದು ಮೂವತ್ತು ಸಾವಿರ ಎಣಿಸಿಕೊಂಡು ಹೋದ. ರಸೀದಿ ಕೇಳಲು ಇವಳಿಗೆ ಸಂಕೋಚವಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ, ನಾಗರಾಜು ಹಾರೋಹಳ್ಳಿಗೆ ಕೆಲಸಕ್ಕೆ ಹೋದ ಮೇಲೆ ಅವಳು ತಾರಸಿಗೆ ನೀರು ಬಿಡುತ್ತಿದ್ದಳು. ಬಾಗಿಲಲ್ಲಿ ಟೆಂಪೊ ನಿಂತಿತು. ಕಾಂಕ್ರೀಟ್ ಗಟ್ಟಿಯಾಗುವವರೆಗೆ ತಾರಸಿ ಹೊರುವ ಕಂಬ, ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದ ಕರಿಯಪ್ಪ ಇಬ್ಬರು ಆಳುಗಳೊಂದಿಗೆ ಇಳಿದ. ಕೈಯಲ್ಲಿ ಸುತ್ತಿಗೆ, ಹಾರೆ.

"ಆ ಮಧು ಒಂದ್ ರೂಪಾಯೀನೂ ಕೊಟ್ಟಿಲ್ಲ. ನನ್ ಕಂಬ ನಾನ್ ಬಿಚ್ಕೊಂಡೋಯ್ತೀನಿ."

"ಅಣ್ಣಾ, ಇನ್ನೂ ಹಸಿ ಐತೆ! ಬಿದ್ದೋಯ್ತದೆ!"

"ಅದ್ನ ದುಡ್ಡಿಸ್ಕೊಂಡೋನ್ನ ಕೇಳವ್ವ."

ಸರಸಮ್ಮ ಮಧುವಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಗಂಡನ ಕಾರ್ಖಾನೆಯಲ್ಲಿ ಮೊಬೈಲನ್ನು ಗೇಟಿನಲ್ಲೇ ಇಡಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಸುತ್ತಿಗೆ ಏಟು ಕೇಳಿಸಿತು. ಓಡಿಹೋಗಿ ನೋಡಿದರೆ ಮೂಲೆಯ ಕಂಬದ ಬೆಣೆ ಅರ್ಧ ಈಚೆ ಬಂದಿದೆ, ಮೇಲಿಂದ ಸಿಮೆಂಟ್ ಪುಡಿ ಉದುರುತ್ತಿದೆ.

ಯಾಕೆ ಹೋದಳೋ ಅವಳಿಗೇ ಗೊತ್ತಿಲ್ಲ. ಹೋಗಿ ಆ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು.

ಕರಿಯಪ್ಪನ ಮುಖ ಬಿಳಿಚಿಕೊಂಡಿತು. "ಆಚಿಕ್ ಬಾರವ್ವ! ಸಾಯ್ಬೇಕು ಅಂತಿದ್ದೀಯಾ? ಲೇ, ಬೆಣೆ ವಾಪಸ್ ಹೊಡೀರ್ಲಾ!"

ಬೆಣೆ ಬಿಗಿಯಾದ ಮೇಲೆಯೇ ಅವಳ ಕೈ ಸಡಿಲವಾಯಿತು. ಕರಿಯಪ್ಪ ಜಗಲಿಯಲ್ಲಿ ಕುಸಿದು ಕೂತ. "ಈ ಹುಡುಗ್ರಿಗೆ ನಾನೂ ಕೂಲಿ ಕೊಡ್ಬೇಕಲ್ಲವ್ವ" ಎಂದ. ಅವನೂ ತನ್ನಂತೆಯೇ ಮೋಸ ಹೋದವನು ಎಂದು ಆಗ ಅವಳಿಗೆ ಹೊಳೆಯಿತು.

ಗಾರೆ ಕೆಲಸಕ್ಕೆಂದು ಹನ್ನೆರಡು ಸಾವಿರ ಎತ್ತಿಟ್ಟಿದ್ದಳು. ತಂದಳು. "ಇದ್ರಲ್ಲಿ ಅರ್ಧ ಈಗ. ಇನ್ನರ್ಧ ಇಪ್ಪತ್ತೊಂದು ದಿನ ಆದ್ಮೇಲೆ, ನೀವೇ ಬಂದು ಬಿಚ್ದಾಗ. ನಿಮ್ ಕೈಗೇ ಕೊಡ್ತೀನಿ. ಬರ್ದು ಸೈನ್ ಹಾಕಣ್ಣ." ಸೈನ್ ಬೀಳುವವರೆಗೆ ನೋಟು ಕೈಬಿಡಲಿಲ್ಲ.

ಮಧುಕುಮಾರ್ ಎರಡು ವಾರದ ನಂತರ ನಗುತ್ತಾ ಬಂದ. ಸಾಮಾನಿಗೆ ಅಡ್ವಾನ್ಸ್ ಬೇಕೆಂದ. ನಾಗರಾಜು ಬಾಯಿ ತೆರೆಯುವ ಮೊದಲೇ ಸರಸಮ್ಮ, "ಮೊದ್ಲು ಮೂವತ್ ಸಾವ್ರದ ಲೆಕ್ಕ ಹೇಳಪ್ಪ" ಎಂದಳು. ಅವನು ಮತ್ತೆ ಬರಲಿಲ್ಲ. ಆ ಹಣವೂ ಬರಲಿಲ್ಲ. ಉಳಿದ ಕೆಲಸವನ್ನು ಅವರು ಸ್ವಲ್ಪ ಸ್ವಲ್ಪವೇ ಮಾಡಿಸಿದರು, ಆದಷ್ಟು ಕೆಲಸಕ್ಕೆ ಮಾತ್ರ ದುಡ್ಡು ಕೊಟ್ಟು.

ಇಪ್ಪತ್ತೆರಡನೆಯ ದಿನ ಕರಿಯಪ್ಪ ಕಂಬ ಬಿಚ್ಚಿದ. ತಾರಸಿ ಅಲುಗಲಿಲ್ಲ. "ಒಳೀಕ್ ಬಾರವ್ವ, ಕಲ್ಲಿದ್ದಂಗೈತೆ" ಎಂದು ಕರೆದ. ಸರಸಮ್ಮ ಹೊಸ್ತಿಲವರೆಗೆ ಬಂದು, ಮೇಲೆ ನೋಡಿ, ಹಿಂದೆ ಸರಿದಳು. ಮತ್ತೂ ಒಂದು ತಿಂಗಳು ಅಡುಗೆ ಒಲೆ ಹಿತ್ತಿಲಲ್ಲೇ ಉರಿಯಿತು.