ಗಂಜಿನಲ್ಲಿ ಇಲ್ಲದ ವರ

ಪದವಿಯ ಕೊನೆಯ ವರ್ಷ ನಮಗೆ ಗುಪ್ತಚರ್ಯೆ ಮತ್ತು ಭದ್ರತೆ ಎಂಬ ಒಂದು ಪೇಪರ್ ಇತ್ತು. ತೊಂಬತ್ತರ ದಶಕದ ಕಲಬುರಗಿಯಲ್ಲಿ ಅದನ್ನು ಆರಿಸಿಕೊಂಡವರು ಬೆರಳೆಣಿಕೆಯ ಜನ. ಅಷ್ಟೂ ಜನ ಮೊದಲ ವಾರದಲ್ಲೇ ಪತ್ತೇದಾರರಾಗಿಬಿಟ್ಟೆವು. ನಾನಂತೂ ಗೋಡೆ ಗಡಿಯಾರವನ್ನೂ ಓರೆಗಣ್ಣಿನಲ್ಲೇ ನೋಡುತ್ತಿದ್ದೆ.

ಕೊನೆಗೊಂದು ಅಸೈನ್‌ಮೆಂಟ್ ಬಂತು. ಗುರುತಿಲ್ಲದ ಒಬ್ಬರನ್ನು ಆರಿಸಿಕೊಂಡು, ಅವರಿಗೆ ಗೊತ್ತಾಗದಂತೆ ಅವರ ದಿನಚರಿ, ನಡತೆ, ಮನೆತನ ಎಲ್ಲ ತಿಳಿದು ವರದಿ ಬರೆಯಬೇಕು. ಏಕೆ ಕೇಳುತ್ತೀ ಎಂದು ಯಾರಾದರೂ ತಡೆದರೆ ನಂಬುವಂಥ ಒಂದು ನೆಪ ತಯಾರಿರಬೇಕು. ನಿತ್ಯ ಒಂದೇ ದಾರಿಯಲ್ಲಿ ತಿರುಗುವವರನ್ನು ಹಿಡಿದರೆ ಕೆಲಸ ಸಲೀಸು ಎಂದು ನಮ್ಮ ಸರ್ ಹೇಳಿದ್ದರು. ನಾನು ಕಮಲಾಪುರದ ಪೋಸ್ಟ್‌ಮ್ಯಾನ್ ಒಬ್ಬರನ್ನು ಹಿಡಿದೆ. ಆ ಊರಲ್ಲಿ ನನಗೆ ಗುರುತಿನವರು ಯಾರೂ ಇರಲಿಲ್ಲ.

ಮೂರು ದಿನ ದೂರದಿಂದ ನೋಡಿದೆ. ಸೈಕಲ್ಲು, ಟಪಾಲು, ಮಧ್ಯಾಹ್ನ ಮನೆಯ ಊಟ. ವರದಿಗೆ ಏನೂ ಸಿಗಲಿಲ್ಲ. ನಾಲ್ಕನೆಯ ದಿನ ಅವರ ಓಣಿಯ ಕಿರಾಣಿ ಅಂಗಡಿಯಲ್ಲಿ ಎರಡು ಕೆಂಪು ಬಾಳೆಹಣ್ಣು ಕೊಂಡು, ಸುಲಿಯುತ್ತ ಅವರ ಮನೆಯ ಬಗ್ಗೆ ಕೇಳಿದೆ. ಅಂಗಡಿಯ ಹಿರಿಯ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹುಡುಗಿ ಸಲುವಾಗಿ ಕೇಳಾಕತ್ತೀರೇನ್ರೀ?"

ಆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆಂದು ನನಗೆ ಗೊತ್ತಾದದ್ದೇ ಆಗ. ಇಲ್ಲ ಎನ್ನಬಹುದಿತ್ತು. ಆದರೆ ಇದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು? ಹೌದೆಂದು ತಲೆಯಾಡಿಸಿದೆ. ಹುಡುಗ ನನಗೆ ದೂರದ ಸಂಬಂಧದಲ್ಲಿ ಅಣ್ಣ, ಕಲಬುರಗಿಯ ಧಾನ್ಯದ ಪೇಟೆ ನೆಹರು ಗಂಜಿನ ತೊಗರಿ ಅಡತಿ ಅಂಗಡಿಯಲ್ಲಿ ಗುಮಾಸ್ತ ಎಂದು ಅಲ್ಲೇ ನಿಂತು ಒಬ್ಬ ವರನನ್ನು ಹುಟ್ಟಿಸಿದೆ. ಅವನಿಗೊಂದು ಹೆಸರನ್ನೂ ಇಟ್ಟೆ.

ಆಮೇಲೆ ಓಣಿಗೆ ಓಣಿಯೇ ಬಾಯಿ ಬಿಟ್ಟಿತು. ಸಂಬಂಧ ನೋಡಲು ಬಂದವನೆಂದರೆ ಯಾರು ತಾನೆ ಬಾಗಿಲು ಹಾಕುತ್ತಾರೆ? ಹುಡುಗಿ ಹೊಲಿಗೆ ಕಲಿತಿದ್ದಾಳೆ, ತಾಯಿಗೆ ಮಂಡಿನೋವು, ತಂದೆ ಒಂದು ಬೀಡಿಯನ್ನೂ ಸೇದಿದವರಲ್ಲ. ಎಲ್ಲವನ್ನೂ ಬಸ್ಸಿನಲ್ಲಿ ಕುಳಿತು ಬರೆದುಕೊಂಡೆ. ಸರ್ ನನ್ನ ವರದಿಯನ್ನು ತರಗತಿಯಲ್ಲಿ ಓದಿಸಿ, ಆ ನೆಪವನ್ನೇ ವಿಶೇಷವಾಗಿ ಹೊಗಳಿದರು. ನಾನು ಉಬ್ಬಿಹೋದೆ.

ತಿಂಗಳು ಕಳೆದಿರಬೇಕು. ನನ್ನ ಬಾಡಿಗೆ ಕೋಣೆ ಗಂಜಿನ ಹತ್ತಿರವೇ ಇತ್ತು. ಒಂದು ಬೆಳಿಗ್ಗೆ ಚಹಾಕ್ಕೆಂದು ಹೊರಟರೆ, ಅಡತಿ ಅಂಗಡಿಗಳ ಸಾಲಿನಲ್ಲಿ ಆ ಪೋಸ್ಟ್‌ಮ್ಯಾನ್ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲೊಂದು ಚೀಟಿ. ಅಂಗಡಿಯಿಂದ ಅಂಗಡಿಗೆ ಹೋಗಿ ವಿಚಾರಿಸುತ್ತಿದ್ದರು. ಊರವರೆಲ್ಲರ ವಿಳಾಸ ಬಲ್ಲ ಮನುಷ್ಯ, ರಜೆ ಹಾಕಿ ಬಂದು ನಾನು ಹುಟ್ಟಿಸಿದ ಗುಮಾಸ್ತನನ್ನು ಹುಡುಕುತ್ತಿದ್ದರು.

ತಿರುಗಿ ಓಡಬೇಕೆನ್ನಿಸಿತು. ಅಷ್ಟರಲ್ಲಿ ಅವರು ನನ್ನ ಗುರುತು ಹಿಡಿದರು. ನನ್ನ ಗುಟ್ಟಿನ ಕಾವಲು ಮೊದಲೇ ಅವರ ಕಣ್ಣಿಗೆ ಬಿದ್ದಿತ್ತು. ಮಗಳ ಸಲುವಾಗಿ ವಿಚಾರಿಸಲು ಬಂದ ಗಂಡಿನ ಕಡೆಯವನೆಂದು ತಿಳಿದು, ಗೊತ್ತಿಲ್ಲದಂತೆ ಇದ್ದರು, ಅಷ್ಟೆ.

ಅವರ ಮುಖ ಅರಳಿತು. ಹುಮನಾಬಾದಿನಿಂದ ಒಂದು ಸಂಬಂಧ ಬಂದಿತ್ತಂತೆ. ಕಲಬುರಗಿಯ ಗಂಡಿನ ಕಡೆಯ ಮಾತು ತಿಳಿಯಲಿ, ಸ್ವಲ್ಪ ತಡೆಯಿರಿ ಎಂದು ಇವರು ಹೇಳಿಕಳಿಸಿದ್ದರಂತೆ. ಆ ಜನ ಕಾದು ಕಾದು ಬೇರೆ ಕಡೆ ನಿಶ್ಚಯ ಮಾಡಿಕೊಂಡರಂತೆ. ಈಗ ನಿಮ್ಮವರದೇ ಭರವಸೆ ಎಂದರು.

ನಿಜ ಹೇಳಲೆಂದೇ ಬಾಯಿ ತೆರೆದೆ. ಹೊರಬಿದ್ದದ್ದು ಇನ್ನೊಂದು ಸುಳ್ಳು. ಜಾತಕ ಕೂಡಿಬರಲಿಲ್ಲ ಎಂದೆ.

"ಜಾತಕ ನಾವು ಕೊಟ್ಟೇ ಇಲ್ಲಲ್ರೀ," ಎಂದರು ಅವರು ಮೆಲ್ಲಗೆ.

ಅವರು ಹತ್ತಿರ ಬಂದು ದನಿ ತಗ್ಗಿಸಿದರು.

"ಓಣ್ಯಾಗ ಹುಡುಗೀದು ಏನರ ಕೇಳಿದ್ರೇನ್ರೀ?"

ನಿಮ್ಮ ಮಗಳಲ್ಲಿ ಯಾವ ಕೊರತೆಯೂ ಇಲ್ಲ, ವರನೇ ಇಲ್ಲ, ನಾನು ಮಾರ್ಕಿಗಾಗಿ ಬಂದಿದ್ದೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ಬೈದಾರೆಂಬ ಹೆದರಿಕೆ, ನಾಲ್ಕು ಜನ ಸೇರಿಯಾರೆಂಬ ಹೆದರಿಕೆ. ಹಮಾಲರು ಚೀಲ ಹೊತ್ತು ನಮ್ಮನ್ನು ಸರಿಸಿಕೊಂಡು ಹೋದರು. ನಾನು ಹೇಡಿ, ಸುಮ್ಮನೆ ನಿಂತೆ. ನನ್ನ ಮೌನವನ್ನೇ ಅವರು ಉತ್ತರವೆಂದು ತಿಳಿದರು.

ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಮಗನ ವಯಸ್ಸಿನ ನನಗೆ ಎರಡೂ ಕೈ ಜೋಡಿಸಿದರು.

"ಏನ್ ಕೇಳೀರಿ ಅದು ನಿಮ್ಮಲ್ಲೇ ಇರಲ್ರೀ. ಮತ್ತ ಯಾರ ಮುಂದೂ ಅನಬ್ಯಾಡ್ರಿ."

ಯಾರ ಮುಂದೂ ಅನ್ನುವುದಿಲ್ಲ ಎಂದು ನಾನು ಮಾತು ಕೊಟ್ಟೆ.