ನೀರು ಬೇಡದ ಹನ್ನೆರಡು ಗಡ್ಡೆ

೧೯೪೮ರಲ್ಲಿ ನನ್ನ ಓದು ನಿಂತಿತು. ನಿಂತಿತು ಅನ್ನುವುದಕ್ಕಿಂತ ನಾನೇ ನಿಲ್ಲಿಸಿದೆ. ಅಲ್ಲಿಯವರೆಗೆ ನಾಲ್ಕು ವರ್ಷ ಉರ್ದುವಿನಲ್ಲಿ ಕಲಿತು ತರಗತಿಗೇ ಮೊದಲಿಗನಾಗಿದ್ದೆ. ನಿಜಾಮರ ಆಳ್ವಿಕೆ ಹೋಗಿ ಶಾಲೆಗೆ ಕನ್ನಡ ಬಂದಾಗ, ಹೊಸ ಮಾಸ್ತರರು ನನ್ನನ್ನು ಒಂದನೇ ತರಗತಿಯಲ್ಲಿ ನನ್ನ ತಮ್ಮನ ಪಕ್ಕ ಕೂರಿಸಿದರು. ಅವನು ಹಲ್ಲು ಕಿರಿದು, "ಬಾ ಅಣ್ಣಾ, ಅಆಇಈ ನಾ ಕಲಿಸ್ತೀನಿ" ಅಂದ. ಮರುದಿನದಿಂದ ನಾನು ಶಾಲೆಯ ಕಡೆ ಮುಖ ಹಾಕಲಿಲ್ಲ. ಕನ್ನಡ ಅಕ್ಷರಗಳನ್ನು ಆಮೇಲೆ ಅಂಗಡಿಗಳ ಬೋರ್ಡು ನೋಡಿ ಕಲಿತೆ. ಯಾರ ಪಕ್ಕವೂ ಕೂರಲಿಲ್ಲ.

ಕಲ್ಲು ಹೊತ್ತೆ, ಬಾವಿ ತೋಡಿದೆ, ಕೊನೆಗೆ ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ಮಾಲಿಯಾದೆ. ೧೯೫೬ರಲ್ಲಿ ಕನ್ನಡ ನಾಡು ಒಂದಾದಾಗ ನಮ್ಮ ಸಾಹೇಬರು ಹೈದರಾಬಾದಿಗೆ ಹೊರಟರು. ಹೊರಡುವಾಗ ಅವರ ಹೆಂಡತಿ ತಮ್ಮ ಕುಂಡಗಳಲ್ಲಿದ್ದ ಹನ್ನೆರಡು ಲಿಲ್ಲಿ ಗಡ್ಡೆಗಳನ್ನು ನನ್ನ ಕೈಗೆ ಕೊಟ್ಟರು. ನೋಡಲು ಥೇಟ್ ಉಳ್ಳಾಗಡ್ಡಿ. ಆದರೆ ಪ್ರತಿ ಯುಗಾದಿಯ ಹೊತ್ತಿಗೆ ಕಹಳೆಯಂಥ ಕೆಂಪು ಹೂ ಬಿಡುತ್ತಿದ್ದವು. ಜೊತೆಗೆ ಉರ್ದುವಿನಲ್ಲಿ ಬರೆದ ಒಂದು ಚೀಟಿಯನ್ನೂ ಕೊಟ್ಟರು: ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಡು; ದೀಪಾವಳಿ ಆದಮೇಲೆ ಶಿವರಾತ್ರಿಯ ತನಕ ಹನಿ ನೀರೂ ಹಾಕಬೇಡ.

ಓದಿದೆ. ಆದರೆ ಒಪ್ಪಲಿಲ್ಲ. ನೀರು ಹಾಕದ ಮಾಲಿ ಎಂಥ ಮಾಲಿ? ಕಚೇರಿಯ ಮುಂದೆ ಮಡಿ ಮಾಡಿ ನೆಟ್ಟು, ಚಳಿಗಾಲವೆಲ್ಲ ದಿನಕ್ಕೆರಡು ಸಲ ನೀರು ಚಿಮುಕಿಸುವ ಝಾರಿ ಹಿಡಿದು ಉಣಿಸಿದೆ. ಎಲೆಗಳು ಮೊಣಕಾಲುದ್ದ ಬೆಳೆದವು. ಯುಗಾದಿ ಬಂತು, ಹೋಯಿತು. ಒಂದು ಹೂವೂ ಇಲ್ಲ.

ಬುತ್ತಿ ತಂದ ಹೆಂಡತಿ ಮಡಿಯನ್ನು ನೋಡಿದಳು. "ತಪ್ಪಲ ಭಾಳ ಚಲೋ ಬಂದಾವ್ರೀ. ಸಾಹೇಬರಿಗೆ ಪಲ್ಯ ಮಾಡಿ ಕಳಸ್ಲೇನು?"

ಹೊಸ ಸಾಹೇಬರು ಮೈಸೂರಿನ ಕಡೆಯವರು. ಮಾತು ಬೆಣ್ಣೆ, ಆದರೆ ಅದರೊಳಗೆ ಕಲ್ಲು. "ಏನಯ್ಯಾ, ಇನ್ನೊಂದು ಯುಗಾದಿ ನೋಡೋಣ. ಆಗ್ಲೂ ಹೂ ಬರ್ಲಿಲ್ಲ ಅಂದ್ರೆ ಇಲ್ಲಿ ಸೈಕಲ್ ನಿಲ್ಲಿಸೋಕೆ ಜಾಗ ಮಾಡ್ಸಿಬಿಡೋಣ. ನೀನು ಸೈಕಲ್ ಕಾಯ್ಕೊಂಡಿರು, ಬಿಸಿಲಲ್ಲಿ ಅಗೆಯೋ ಕಷ್ಟ ಇರಲ್ಲ."

ಬಾವಿ ತೋಡಿದ ಕೈ ನನ್ನದು. ಕುರ್ಚಿ ಹಾಕಿಕೊಂಡು ಸೈಕಲ್ ಎಣಿಸುವುದೆ?

ಮನೆಯಲ್ಲಿ ಹೇಳಿಕೊಂಡೆ. ನನ್ನ ಹೆಂಡತಿ ದೇವಾಪುರದವಳು, ಉಳ್ಳಾಗಡ್ಡಿ ಬೆಳೆಯುವವರ ಮಗಳು. "ನಮ್ಮಪ್ಪ ಬೀಜದ ಗಡ್ಡಿ ತೆಗೆದಿಟ್ಟ ಮ್ಯಾಲೆ ಅದಕ್ಕ ನೀರು ಕುಡಸ್ತಾನೇನ್ರಿ? ಅದು ಮಲಗ್ತದ. ಮಲಗಿದ್ದನ್ನ ಎಬ್ಬಿಸಿ ಎಬ್ಬಿಸಿ ನೀರು ಕುಡಸೀರಿ, ಅದಕ್ಕ ಮುನಿಸಿಕೊಂಡದ."

"ಚೀಟಿಯೊಳಗೂ ಹಂಗ ಬರದದ" ಅಂದುಬಿಟ್ಟೆ.

"ಅಯ್ಯ! ಓದಾಕ ಬರ್ತದಂತ ಊರ ತುಂಬ ಹೇಳ್ತೀರಲ್ಲ. ಬರೇ ಓದಿದ್ರ ಆತೇನು?"

ಆ ದೀಪಾವಳಿ ಕಳೆದ ಮರುದಿನ ಝಾರಿ ಕಾಣೆಯಾಯಿತು. ಹೆಂಡತಿ ಅದನ್ನು ಮನೆಯ ಜೋಳದ ಚೀಲಗಳ ಹಿಂದೆ ಅಡಗಿಸಿದ್ದಾಳೆಂದು ನನಗೆ ಗೊತ್ತಿತ್ತು, ಆದರೂ ತೆಗೆಯಲು ಹೋಗಲಿಲ್ಲ. ಎಲೆಗಳು ಹಳದಿಯಾದವು, ಒಣಗಿ ಬಿದ್ದವು. ಬೋಳು ಮಡಿಯ ಮುಂದೆ ಕೂತ ನನ್ನನ್ನು ನೋಡಿ ಗುಮಾಸ್ತರು, "ಏನಪಾ ಮಾಲಿ, ಗಡ್ಡಿಗೆ ಲಾಲಿ ಹಾಡಾಕತ್ತೀಯೇನು?" ಎಂದು ನಗುತ್ತಿದ್ದರು. ಮಡಿಯ ಸುತ್ತಲಿನ ಕಲ್ಲುಗಳಿಗೆ ಮೂರು ಸಲ ಸುಣ್ಣ ಹಚ್ಚಿದೆ. ಸುಮ್ಮನೆ ಕಾಯುತ್ತ ದಣಿದಷ್ಟು ನಾನು ಬಾವಿ ತೋಡುವಾಗಲೂ ದಣಿದಿರಲಿಲ್ಲ.

ಕೊನೆಗೆ ತಡೆಯಲಾಗಲಿಲ್ಲ. ಕಚೇರಿಯ ಗಡಿಗೆಯಿಂದ ದಿನಕ್ಕೊಂದು ತಂಬಿಗೆ ನೀರು ತಂದು, ಮೂಲೆಯಲ್ಲಿದ್ದ ಎರಡೇ ಎರಡು ಗಡ್ಡೆಗಳಿಗೆ ಹಾಕುತ್ತ ಬಂದೆ. ಯಾರಿಗೂ ಹೇಳಲಿಲ್ಲ.

ಶಿವರಾತ್ರಿ ಆದ ಕೆಲವೇ ದಿನಕ್ಕೆ ಗಡ್ಡೆಗಳ ಕುತ್ತಿಗೆಯಿಂದ ಗಿಳಿಯ ಕೊಕ್ಕಿನಂಥ ತುದಿಗಳು ಮೇಲೆದ್ದವು. ಎಲೆಯೇ ಇಲ್ಲದ ಬೋಳು ಕಡ್ಡಿಗಳು ದಿನದಿನಕ್ಕೆ ಬೆಳೆದು, ಯುಗಾದಿಗೆ ಮೂರು ದಿನ ಇರುವಾಗ ಹತ್ತು ಗಡ್ಡೆಗಳು ಹೂ ಬಿಟ್ಟವು. ಹೆಂಡತಿ ಬುತ್ತಿ ಹಿಡಿದು ಬಂದಳು, ಕಣ್ತುಂಬ ನೋಡಿದಳು, ಆಮೇಲೆ ಮೂಲೆಯ ಕಡೆ ಬೆರಳು ಮಾಡಿದಳು.

"ಅಲ್ಲೆರಡಕ್ಕ ಏನಾಗ್ಯದ್ರೀ? ಬರೇ ತಪ್ಪಲ ಬಿಟ್ಟಾವ."

"ಮಣ್ಣು ಸರಿ ಇಲ್ಲ" ಅಂದೆ.

"ಮಣ್ಣು ಹಸಿ ಅದ" ಅಂದಳು ಅವಳು, ಬಗ್ಗಿ ಮುಟ್ಟಿ.

ಹಿಂದೆಯೇ ನಿಂತಿದ್ದ ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಸೈಕಲ್ ಬೇವಿನ ಮರದ ಕೆಳಗೆ ನಿಲ್ಲಲಿ. ಮಡಿ ಇರ್ಲಿ, ಮಾಲೀನೂ ಇರ್ಲಿ. ಆ ಎರಡನ್ನ ಮಾತ್ರ ಮನೆಗೆ ತಗೊಂಡ್ ಹೋಗಯ್ಯಾ. ನಿನ್ನಂಥವನ ಕೈಗಿಂತ ನಿನ್ನ ಹೆಂಡ್ತಿ ಕೈಗೆ ಸಿಕ್ರೆ ಬದುಕ್ಕೋತವೆ" ಅಂದರು.

ಎರಡನ್ನೂ ಮನೆಗೆ ತಂದೆ. ಮುಂದಿನ ವರ್ಷ ಅವೂ ಹೂ ಬಿಟ್ಟವು, ಆಮೇಲೆ ಮರಿ ಹಾಕುತ್ತ ಹೋದವು. ಮೂವತ್ತು ವರ್ಷಕ್ಕೂ ಮೇಲೆ ಮಾಲಿಯಾಗಿಯೇ ದುಡಿದು ಮನೆಗೆ ಬಂದೆ. ಈಗ ನನ್ನ ಅಂಗಳದಲ್ಲಿ ಅರವತ್ತಮೂರು ಗಡ್ಡೆಗಳಿವೆ. ಚೀಟಿ ಒಂದು. ಝಾರಿ ಒಂದು; ದೀಪಾವಳಿ ಕಳೆದಿದೆ, ಅದು ಸದ್ಯಕ್ಕೆ ಜೋಳದ ಚೀಲಗಳ ಹಿಂದೆ ಇದೆ.