ಬೆಕ್ಕಿಗಾಗಿ ಏರಿಸಿದ ನೆಲುವು

ಬೆಕ್ಕಿರುವ ಮನೆಗೆ ಹೋದಾಗ ನೀವೂ ಗಮನಿಸಿರಬಹುದು: ಆ ಮನೆಯವರು ಕುರ್ಚಿಯಲ್ಲಿ ಕೂಡುವ ಮೊದಲು ಒಮ್ಮೆ ಹಿಂತಿರುಗಿ ಕುರ್ಚಿಯನ್ನು ನೋಡುತ್ತಾರೆ. ಬೆಕ್ಕಿಲ್ಲದವರಿಗೆ ಆ ವಿವೇಕವಿಲ್ಲ. ಕುರ್ಚಿ ತಮ್ಮದೇ ಎಂಬ ನಂಬಿಕೆಯಿಂದ ಧೊಪ್ಪನೆ ಕೂತುಬಿಡುತ್ತಾರೆ. ಮೂವತ್ತಾರನೆಯ ವಯಸ್ಸಿನವರೆಗೆ ನಾನೂ ಈ ಎರಡನೆಯ ಪಂಗಡದವನೇ.

ಆಗ ಯುದ್ಧದ ಕಾಲ. ಸವಣೂರಿನಲ್ಲಿ ಬಾಡಿಗೆ ಮನೆ ಹಿಡಿದು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಸುತ್ತಲಿನ ಸುದ್ದಿ ಕಳಿಸುತ್ತಿದ್ದೆ. ಶಿಗ್ಗಾಂವಿಯ ಕಚೇರಿ, ಅಕ್ಕಿಆಲೂರಿನ ಸಂತೆಯ ಧಾರಣೆ, ಹಾನಗಲ್ಲಿನ ಕೆರೆಯ ನೀರು ಇವೆಲ್ಲ ನನ್ನ ಪಾಲಿನವು. ಇದ್ದಿಲಿನಿಂದ ಓಡುವ ಬಸ್ಸು ಏರಿನಲ್ಲಿ ನಿಂತರೆ ಇಳಿದು ನೂಕಿ, ಮತ್ತೆ ಹತ್ತಿ, ಬರೆದದ್ದನ್ನು ಯಲವಿಗಿಯ ಸ್ಟೇಶನ್ನಿಗೆ ಮುಟ್ಟಿಸುವುದು ನಿತ್ಯದ ಕರ್ಮ. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದಂತೆ ಬರೆಯಬೇಕೆಂಬುದು ಕಚೇರಿಯ ಶಿಸ್ತು. ಅದನ್ನು ನಾನು ಪಾಲಿಸಿದ್ದೆನೆಂದೇ ತಿಳಿದಿದ್ದೆ.

ಹಿಂದಿನ ವರ್ಷ ನನ್ನ ಹೆಂಡತಿ ಗಿರಿಜೆ ಪಂಚಮಿ ಹಬ್ಬಕ್ಕೆಂದು ಹಿರೇಕೆರೂರಿನ ತವರಿಗೆ ಹೋದವಳು ದೀಪಾವಳಿ ಕಳೆದ ಮೇಲೆ ಬಂದಿದ್ದಳು. ಜಗಳವೇನೂ ಆಗಿರಲಿಲ್ಲ. ಅವ್ವನಿಗೆ ಮೈಯಲ್ಲಿ ಆರಾಮಿಲ್ಲವೆಂದು ಪತ್ರಗಳು ಬರುತ್ತಿದ್ದವು. ಅದೇ ಅವ್ವ ಹಿರೇಕೆರೂರಿನ ಸಂತೆಯಲ್ಲಿ ಎರಡು ಚೀಲ ಕಾಯಿಪಲ್ಲೆ ಹೊತ್ತು ನನಗಿಂತ ಬಿರುಸಾಗಿ ನಡೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಎಲ್ಲ ಸುದ್ದಿಯನ್ನೂ ಪ್ರಕಟಿಸಬೇಕೆಂದಿಲ್ಲ.

ಈ ವರ್ಷ ಮುಂಗಾರು ಶುರುವಾದ ಹೊತ್ತಿಗೆ, ರೊಟ್ಟಿ ಬಡಿಸುತ್ತ ಗಿರಿಜೆ ಹೇಳಿದಳು: "ನೀವು ಊರೂರು ತಿರುಗ್ತೀರಿ. ನಾ ಗ್ವಾಡಿ ಜೋಡಿ ಮಾತಾಡ್ಕೋಂತ ಕುಂಡ್ರತೇನಿ. ಒಂದು ಬೆಕ್ಕರ ತಂದು ಕೊಡ್ರಿ. ಇಲ್ಲಂದ್ರ ಈ ಸಲ ಪಂಚಮಿಗೆ ಹ್ವಾದಾಕಿ ಯಾವಾಗ ಬರ್ತೇನಿ, ಹೇಳಾಕಾಗೂದಿಲ್ಲ."

ದನಿ ಏರಿರಲಿಲ್ಲ. ಏರದ ದನಿಯಲ್ಲಿ ಬಂದ ಸುದ್ದಿಯೇ ಹೆಚ್ಚು ನಂಬತಕ್ಕದ್ದೆಂದು ನನ್ನ ಅನುಭವ.

ಪೆನ್ಸಿಲು ಹಿಡಿದು ಕೂತೆ. ಬೆಕ್ಕಿನ ಸ್ವಭಾವದ ಬಗ್ಗೆ ಓಣಿಯ ಮೂವರು ಹಿರಿಯರನ್ನು ವಿಚಾರಿಸಿ, ಒಂದಕ್ಕೊಂದು ಹೊಂದದ ಮೂರು ಅಭಿಪ್ರಾಯಗಳನ್ನು ಹೆಸರುಸಹಿತ ಬರೆದುಕೊಂಡೆ. ಮುರುಕು ಬುಟ್ಟಿಯಲ್ಲಿ ಬೂದಿ ತುಂಬಿ ಹಿತ್ತಲ ಬಾಗಿಲಿಗೆ ಇಟ್ಟೆ. ಬಾವಿಗೆ ಹಲಗೆ ಮುಚ್ಚಿದೆ. ಕೂತಲ್ಲಿ ಕಾಲು ಕುಣಿಸುವ ನನ್ನ ಚಟ ಮರಿಯನ್ನು ಬೆದರಿಸಬಾರದೆಂದು ಎಂಟು ದಿನ ಸುಮ್ಮನೆ ಕೂಡುವ ಅಭ್ಯಾಸವನ್ನೂ ಮಾಡಿದೆ. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ ನೆಲುವಿನದು. ಅಡಿಗೆಮನೆಯ ತೊಲೆಯಿಂದ ಇಳಿಬಿಟ್ಟ ಈ ಹಗ್ಗದ ಜಾಲದಲ್ಲಿಯೇ ನಮ್ಮ ಹಾಲು ಮೊಸರಿನ ಗಡಿಗೆಗಳು ತೂಗುತ್ತಿದ್ದವು. ಸ್ಟೂಲಿನ ಮೇಲೆ ನಿಂತು ಅದನ್ನು ಒಂದು ಮೊಳ ಮೇಲಕ್ಕೆ ಬಿಗಿದೆ. ಇನ್ನು ಯಾವ ಬೆಕ್ಕಿನಪ್ಪನಿಗೂ ಎಟುಕದು ಎಂದು ಕೈ ಒರೆಸಿಕೊಂಡೆ.

ನಮ್ಮ ಓಣಿಯ ತುದಿಯಲ್ಲಿ ವೀಳ್ಯದೆಲೆ ವ್ಯಾಪಾರದ ಮನೆಯೊಂದಿತ್ತು. ಅದರ ಯಜಮಾನಿಯನ್ನು ಎಲ್ಲರೂ ಬೂಬಮ್ಮ ಎನ್ನುತ್ತಿದ್ದರು. ಎಲೆಯ ಬುಟ್ಟಿಗಳ ನಡುವೆ ಅವರ ಬೆಕ್ಕು ಮರಿ ಹಾಕಿತ್ತು; ಒಂದು ಬೂದುಬಣ್ಣದ ಮರಿ ಉಳಿದಿತ್ತು. ಏನು ಕೊಡಲೆಂದು ಕೇಳಿದ್ದಕ್ಕೆ, "ಜೀವಕ್ಕ ರೊಕ್ಕ ತಗೋಳಾಂಗಿಲ್ರಿ" ಎಂದರು. ಆದರೆ ಮನೆ ನೋಡದೆ ಕೊಡಲು ಒಪ್ಪಲಿಲ್ಲ. ಹಿಂದೆ ಅವರಿಂದ ಮರಿ ಒಯ್ದವನೊಬ್ಬ ವಾರದಲ್ಲಿಯೇ ಅದನ್ನು ಸಂತೆಯಲ್ಲಿ ಬಿಟ್ಟು ಬಂದಿದ್ದನಂತೆ.

ಮರುದಿನ ಮಧ್ಯಾಹ್ನ ಬೂಬಮ್ಮ ಬರಿಗೈಯಲ್ಲಿ ಬಂದರು. ಬೂದಿಯ ಬುಟ್ಟಿ ನೋಡಿ ತಲೆಯಾಡಿಸಿದರು. ಬಾವಿಯ ಹಲಗೆಯನ್ನು ಕಾಲಿನಿಂದ ಒತ್ತಿ ನೋಡಿದರು. ಅಡಿಗೆಮನೆಯಲ್ಲಿ ತಲೆಯೆತ್ತಿ ನಿಂತುಬಿಟ್ಟರು.

"ಇದನ್ನ ಹೆಂಗ ಇಳಸ್ತೀಯವ್ವಾ?" ಎಂದು ಗಿರಿಜೆಯನ್ನು ಕೇಳಿದರು.

"ಒಳ್ಳಿನ ಮ್ಯಾಲ ನಿಂತ್ರ ಬೆರಳ ತಾಗತಾವ್ರಿ," ಎಂದು ಗಿರಿಜೆ ಮೂಲೆಯ ಒರಳುಕಲ್ಲು ತೋರಿಸಿದಳು.

ಬೂಬಮ್ಮ ನನ್ನ ಕಡೆ ತಿರುಗಿದರು. "ಪೇಪರಿನವ್ರ, ಇದನ್ನ ಬೆಕ್ಕಿಗೆ ಸಿಗಬಾರ್ದಂತ ಕಟ್ಟೀರೋ, ಹೆಂಡ್ತಿಗೆ ಸಿಗಬಾರ್ದಂತ ಕಟ್ಟೀರೋ? ಬೆಕ್ಕು ಹೆಂಗರ ಏರತೈತಿ. ಈಕಿ ಬೀಳ್ತಾಳ."

ಗಿರಿಜೆ ಸೆರಗು ಬಾಯಿಗೆ ಒತ್ತಿ ನಕ್ಕಳು. ಆ ನಗು ಕೇಳಿ ಬಹಳ ದಿನವಾಗಿತ್ತು. ಎಷ್ಟು ದಿನವೆಂಬ ದಾಖಲೆ ನನ್ನಲ್ಲಿರಲಿಲ್ಲ.

"ತಿಂಗಳದಾಗ ಮನ್ಯಾಗ ಎಷ್ಟು ದಿನ ಇರ್ತೀರಿ?" ಎಂಬುದು ಬೂಬಮ್ಮನ ಮುಂದಿನ ಪ್ರಶ್ನೆ. ಪ್ರಶ್ನೆ ಕೇಳಿ ಬದುಕುವ ನಾನು ದಿನಚರಿ ತೆರೆದು ಎಣಿಸಿ, "ಹ್ವಾದ ತಿಂಗಳ ಹತ್ತು" ಎಂದೆ.

"ಹಂಗಾರ ಕೇಳ್ರಿ. ಮರಿ ಹೊತಗೊಂಡು ಹ್ವಾದವರ ಕೈಲೇನ ಎಂಟು ದಿನ ಉಣಬೇಕು, ಅಂದ್ರ ಮನಿ ಹಿಡೀತೈತಿ. ನೀವ ಹೊತಗೊಂಡು ಬರ್ರಿ, ನೀವ ಹಾಲು ಹಾಕ್ರಿ. ನಡುವ ಊರು ಬಿಟ್ರ ಮರಿ ತಿರುಗಿ ಒಯ್ತೇನಿ, ಮತ್ತ ಕೊಡೂದಿಲ್ಲ."

ಕಾರಣವನ್ನು ಮೊದಲ ಸಾಲಿನಲ್ಲಿಯೇ ಹೇಳಬೇಕೆಂಬುದು ನಮ್ಮ ವೃತ್ತಿಯ ನಿಯಮ. ಸಂಪಾದಕರಿಗೆ ರಜೆಯ ಪತ್ರ ಬರೆಯುವಾಗ ಆ ನಿಯಮ ಮುರಿದು "ಗೃಹಕೃತ್ಯದ ನಿಮಿತ್ತ" ಎಂದಷ್ಟೇ ಬರೆದೆ. ನೆಲುವನ್ನು ಒಂದು ಮೊಳ ಕೆಳಗಿಳಿಸಿ ಮರಿಯನ್ನು ಚೀಲದಲ್ಲಿ ತಂದೆ. ಅದೇ ವಾರ ಹಾನಗಲ್ಲಿನಲ್ಲಿ ಕೆರೆಯ ಕೋಡಿ ಬಿದ್ದು, ಆ ಸುದ್ದಿ ಬೇರೊಂದು ಪತ್ರಿಕೆಯಲ್ಲಿ ಬಂತು. ನಾನು ಓದಿದೆ, ಮಡಿಚಿಟ್ಟೆ, ಮರಿಗೆ ಹಾಲು ಹಾಕಿದೆ.

ಮರಿ ಎರಡು ದಿನ ಜೋಳದ ಚೀಲಗಳ ಸಂದಿಯಿಂದ ಹೊರಬರಲಿಲ್ಲ. ನಾನು ಬಟ್ಟಲು ಇಟ್ಟು ಮಾರು ದೂರ ಕೂತಿರುತ್ತಿದ್ದೆ. ಹಾಗೆ ಕೂತಾಗಲೇ ನಮ್ಮ ಮನೆಯ ಮಧ್ಯಾಹ್ನವನ್ನು ಮೊದಲ ಸಲ ನೋಡಿದ್ದು. ಊಟದ ಪಾತ್ರೆ ತೊಳೆದಾದ ಮೇಲೆ ಓಣಿಯಲ್ಲಿ ಒಂದು ದನಿಯಿಲ್ಲ. ಬಾಗಿಲ ನೆರಳು ಹೊಸ್ತಿಲಿನಿಂದ ಎರಡು ಗೇಣು ಸರಿಯಲು ಇಡೀ ಜನ್ಮವೇ ಬೇಕೆನ್ನಿಸುತ್ತದೆ. ಸವಣೂರಿನಿಂದ ಹಿರೇಕೆರೂರು ಎಷ್ಟು ಮೈಲಿಯೆಂದು ನನಗೆ ಬಾಯಿಪಾಠವಿತ್ತು. ಈ ಮಧ್ಯಾಹ್ನದ ಉದ್ದ ಗೊತ್ತಿರಲಿಲ್ಲ.

ಗಿರಿಜೆ ಮೊದಮೊದಲು ಮರಿಯ ಮುಖಾಂತರವೇ ಮಾತಾಡಿದಳು. "ಏ ಮರಿ, ಇವತ್ತೂ ಸಾಹೇಬ್ರು ಮನ್ಯಾಗ ಅದಾರ ನೋಡು. ಬಸ್ಸು ಕೆಟ್ಟೈತೇನು, ಕೇಳು." ಐದನೆಯ ದಿನ ಮರಿ ನನ್ನ ಮಡಿಲೇರಿತು. ಆರನೆಯ ದಿನ ಆಕೆ ಮರಿಯನ್ನು ಬಿಟ್ಟು ನೇರವಾಗಿ ನನ್ನನ್ನೇ ಕೇಳತೊಡಗಿದಳು.

ಪಂಚಮಿ ಬಂತು. ಕರೆಯಲು ಆಕೆಯ ಅಣ್ಣ ಈರಪ್ಪ ಬಂದ. ಹೋಗಬೇಡವೆನ್ನುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಗಂಟು ಕಟ್ಟುತ್ತ ಗಿರಿಜೆ ಕೇಳಿದಳು: "ಮರಿಗೆ ಹಾಲು ಯಾರು ಹಾಕ್ತಾರ?"

"ನಾ ಇರ್ತೇನಿ."

"ಹಾನಗಲ್ಲ?"

"ಹಾನಗಲ್ಲ ಎಲ್ಲೂ ಓಡಿ ಹೋಗೂದಿಲ್ಲ."

ಆಕೆ ನನ್ನನ್ನು ಒಂದು ಕ್ಷಣ ನೋಡಿ, ಗಂಟನ್ನು ಬಿಗಿದಳು. ಯಾವಾಗ ಬರುತ್ತಾಳೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಕೆ ಹೋದ ಏಳನೆಯ ದಿನ ಸಂಜೆಗೆ ಮುಂಚೆ ಬಾಗಿಲಲ್ಲಿ ಈರಪ್ಪನ ದನಿ ಕೇಳಿತು. "ನಿಮ್ಮ ಬೆಕ್ಕಿನ ಚಿಂತಿ ಹಚ್ಗೊಂಡು ಈಕಿ ಕುಂಡ್ರಲಿಲ್ಲ, ನಿಲ್ಲಲಿಲ್ಲರಿ. ಅವ್ವ ಬೈದ್ರೂ ಕೇಳ್ಲಿಲ್ಲ." ಹಿಂದೆಯೇ ಗಿರಿಜೆ ಒಳಗೆ ಬಂದಳು. ಚಿಂತೆಗೆ ಕಾರಣವಾದ ಪ್ರಾಣಿ ಚಾಪೆಯ ಮೇಲೆ ಮಲಗಿತ್ತು, ಕಿವಿಯನ್ನೂ ಅಲುಗಿಸಲಿಲ್ಲ. ಗಿರಿಜೆಯೂ ಅದನ್ನು ಎಬ್ಬಿಸಲಿಲ್ಲ. ಅಣ್ಣನಿಗೆ ನೀರು ಕೊಟ್ಟು, ಗಂಟು ಬಿಚ್ಚಿ, ಶೇಂಗಾದ ಉಂಡಿಯೊಂದನ್ನು ನನ್ನ ಕೈಗಿಟ್ಟು, ಚಾಪೆಯ ಇನ್ನೊಂದು ತುದಿಯಲ್ಲಿ ಕೂತಳು.

"ಏಳು ದಿನ ಏನೇನಾತು, ಹೇಳ್ರಿ."

ಮೊದಲ ದಿನದ ಬೆಳಗಿನಿಂದ, ಏನೂ ಬಿಡದೆ, ಕ್ರಮವಾಗಿ ಹೇಳತೊಡಗಿದೆ. ದೀಪ ಹಚ್ಚುವ ಹೊತ್ತಿಗೆ ಮೂರನೆಯ ದಿನದ ಮಧ್ಯಾಹ್ನಕ್ಕೆ ಬಂದಿದ್ದೆವು.